ಮಠದ ಗಾಡಿಯ ಮೆಮೊರಿ ಕಾರ್ಡ್

ಸೇಫ್ಟಿ ಪಿನ್ನಿನ ತುದಿಯನ್ನು ಫೋನಿನ ಬದಿಯ ತೂತಿಗೆ ಒತ್ತಿದಾಗ ಸಣ್ಣ ತಟ್ಟೆ ಹೊರಗೆ ಬಂತು. ಅಕ್ಷರಾ ಅದರಲ್ಲಿ ಉಗುರಿನಷ್ಟು ಅಗಲದ ಕಪ್ಪು ಕಾರ್ಡನ್ನಿಟ್ಟು ಒಳಗೆ ತಳ್ಳಿದಳು. ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಳಕೋಣೆಯಲ್ಲಿ ಅವ್ವ ಕಮಲಾದೇವಿ ಪೂಜೆಗೆ ಕೂತಿದ್ದಳು. ಅವಳು ಏಳುವ ತನಕ ಆ ಎರಡು ಕೋಣೆಯ ಮನೆಯಲ್ಲಿ ಪಾತ್ರೆ ಕೂಡ ಸಪ್ಪಳ ಮಾಡುವಂತಿಲ್ಲ. ಅಪ್ಪ ಸಂಗಯ್ಯ ಬಾಗಿಲ ಹತ್ತಿರ ನಿಂತಿದ್ದ. ಕಾರ್ಡನ್ನು ಅಂಗೈಯಲ್ಲಿಟ್ಟು ಮಗಳ ಮುಂದೆ ಚಾಚಿದ್ದನೇ ಹೊರತು ಏನೂ ಹೇಳಿರಲಿಲ್ಲ.

ಹೇಳುವ ಅಗತ್ಯವೂ ಇರಲಿಲ್ಲ. ಅವನು ಬಿಲ್ವಗಿರಿ ಮಠದ ಕಾಶಿ ಶಾಖೆಯ ಡ್ರೈವರ್. ಮಠದ ಗಾಡಿಯ ಗಾಜಿಗೆ ಅಂಟಿಸಿದ ಕ್ಯಾಮೆರಾದಲ್ಲಿ ಕಾರ್ಡ್ ಅಳಿಸುವ ಗುಂಡಿ ಮಳೆಗಾಲದಲ್ಲೇ ಒಳಗೆ ಕೂತುಹೋಗಿತ್ತು. ಕಾರ್ಡ್ ತುಂಬಿ ಕ್ಯಾಮೆರಾ ಕೀಂಗುಟ್ಟಿದಾಗ ಅಪ್ಪ ಅದನ್ನು ಕಿತ್ತು ತರುವುದು, ಮಗಳು ಫೋನಿಗೆ ಹಾಕಿ ಫಾರ್ಮ್ಯಾಟ್ ಮಾಡಿಕೊಡುವುದು ತಿಂಗಳಿಗೊಮ್ಮೆ ನಡೆಯುವ ಕೆಲಸ. ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಫೋನು ಎಂದಿನಂತೆ ಎಚ್ಚರಿಸಿತು. ಅವಳು ಎಂದಿನಂತೆ ಒತ್ತಿದಳು. ಹಸಿರು ಗೆರೆ ಓಡಿ ಮುಗಿಯಿತು. ಏಳು ಗಂಟೆ ನಾಲ್ಕು ನಿಮಿಷ. ಏಳೂಕಾಲಿನ ಆಟೊ ತಪ್ಪಿದರೆ ಹಾಜರಿ ತಪ್ಪುತ್ತದೆಂದು ಅವಳು ಗಡಿಯಾರ ನೋಡಿದ್ದಳು.

ಹೋದ ಸಲ ಅಳಿಸಿ ಇನ್ನೂ ಹತ್ತು ದಿನವಾಗಿರಲಿಲ್ಲ. ಇಷ್ಟು ಬೇಗ ಹೇಗೆ ತುಂಬಿತು ಎಂದು ಕೇಳಬೇಕೆನಿಸಿತು. ಆದರೆ ಅವ್ವ ಇನ್ನೂ ಎದ್ದಿರಲಿಲ್ಲ. ಕಾರ್ಡ್ ಕೊಡುವಾಗ ತಾಕಿದ ಅಪ್ಪನ ಬೆರಳು ತಣ್ಣಗಿದ್ದವು. ಅವಳು ಚಪ್ಪಲಿ ಮೆಟ್ಟಿ ಓಡಿದಳು.

ಅದು ನವೆಂಬರ್ 18, ಮಂಗಳವಾರ.

ಅಕ್ಷರಾ ಹೋಂ ಗಾರ್ಡ್. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ದೊಡ್ಡ ಖಾಕಿ ಸಿಕ್ಕಿರಲಿಲ್ಲ. ಗಂಗೆಯ ಆಚೆ ದಡದ ರಾಮನಗರ ಠಾಣೆಯಲ್ಲಿ ಅವಳಿಗೆ ಮಹಿಳಾ ಸಹಾಯದ ಮೇಜು. ದೂರು ಕೊಡಲು ಬಂದ ಹೆಂಗಸರನ್ನು ಕೂರಿಸಿ, ನೀರು ಕೊಟ್ಟು, ಮೊದಲ ವಿವರ ಬರೆದುಕೊಳ್ಳುವುದು ಕೆಲಸ. ಮಾತು ಕಡಿಮೆ. ಹೆಡ್ ಕಾನ್‌ಸ್ಟೇಬಲ್ ರಾಮಧನಿ ಯಾದವ್ ಅವಳನ್ನು ‘ಮದ್ರಾಸಿ ಬಿಟಿಯಾ’, ಮದ್ರಾಸಿ ಮಗಳು, ಎನ್ನುತ್ತಿದ್ದ. ತಾನು ಹುಟ್ಟಿದ್ದು ಜಂಗಮವಾಡಿಯ ಗಲ್ಲಿಯಲ್ಲಿ, ಮನೆಮಾತು ಕನ್ನಡ ಎಂದು ಎರಡು ಸಲ ಹೇಳಿ ಬಿಟ್ಟಿದ್ದಳು.

ಬೆಳಿಗ್ಗೆ 9:35ಕ್ಕೆ ಒಬ್ಬಳು ಬಂದಳು. ಸೀರೆಯ ಸೆರಗಿನ ತುಂಬ ರಕ್ತ ಒಣಗಿತ್ತು. ಹೆಸರು ಫೂಲ್‌ಮತಿ.

“ಯಾರಿಗೆ ಏನಾಯಿತು?” ಅಕ್ಷರಾ ಕೇಳಿದಳು.

“ನಮ್ಮವರಿಗೆ. ಲಲ್ಲನ್ ಮೌರ್ಯ. ಸೈಕಲ್ ಮೇಲೆ ಬದನೆಕಾಯಿ ಹೇರಿಕೊಂಡು ತರಕಾರಿ ಮಂಡಿಗೆ ಹೊರಟಿದ್ದರು. ಗಾಡಿ ಗುದ್ದಿ ಹೋಯಿತು.”

“ಎಲ್ಲಿ?”

“ಸೇತುವೆ ಹತ್ತುವ ಕಡೆ.”

“ಎಷ್ಟು ಹೊತ್ತಿಗೆ?”

“ಆರೂ ಇಪ್ಪತ್ತಕ್ಕೆ. ಚಹಾದಂಗಡಿಯವನು ಆಗಲೇ ಫೋನ್ ಮಾಡಿದ. ಬಿಳಿ ಬೊಲೆರೊ ಅಂದ. ನಿಲ್ಲಿಸಲೂ ಇಲ್ಲ ಬಹಿನೀ, ನಿಲ್ಲಿಸಲೂ ಇಲ್ಲ.”

ಅಕ್ಷರಾಳ ಪೆನ್ನು ‘ಬಿಳಿ’ ಎಂಬ ಪದದ ಮೇಲೆ ನಿಂತಿತು. ಆ ದಿನ ನಸುಕಿನ ನಾಲ್ಕೂವರೆಗೆ ಅಪ್ಪ ಮಠದ ಯಾತ್ರಿಗಳನ್ನು ಮೊಗಲ್‌ಸರಾಯ್ ಸ್ಟೇಷನ್ನಿಗೆ ಬಿಡಲು ಹೋಗಿದ್ದ. ಬಿಳಿ ಬೊಲೆರೊದಲ್ಲಿ. ಮರಳುವ ದಾರಿ ಈ ಸೇತುವೆಯೇ. ಬಿಳಿ ಬೊಲೆರೊ ಊರಿಗೆ ನೂರಿವೆ ಎಂದುಕೊಂಡಳು. ಬರೆಯುವುದನ್ನು ಮುಂದುವರಿಸಿದಳು. ಅಕ್ಷರ ಸೊಟ್ಟಗಾದವು.

ಇನ್‌ಸ್ಪೆಕ್ಟರ್ ರಘುನಾಥ ಚೌಬೆ ಒಣಕಲು ಮೈಯ, ಐವತ್ತು ದಾಟಿದ ಮನುಷ್ಯ. ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ. 10:05ಕ್ಕೆ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ತೀವ್ರ ಗಾಯ, ಆರೋಪಿ ಅಪರಿಚಿತ. 10:40ಕ್ಕೆ ಸ್ಥಳ ಪಂಚನಾಮೆ; ಫೂಲ್‌ಮತಿಯ ಜೊತೆಗೆ ಅಕ್ಷರಾಳೂ ಹೋದಳು. ರಸ್ತೆಯ ಮೇಲೆ ರಾಮನಗರದ ದಪ್ಪ ದುಂಡು ಬದನೆಕಾಯಿಗಳು ಅಪ್ಪಚ್ಚಿಯಾಗಿ ಬಿದ್ದಿದ್ದವು. ನಡುವೆ ಒಡೆದ ಹೆಡ್‌ಲೈಟಿನ ಮೂರು ಚೂರು. ಬ್ರೇಕ್ ಹಾಕಿದ ಗುರುತು ಎಲ್ಲೂ ಇರಲಿಲ್ಲ. ಚೌಬೆ ಅದನ್ನೇ ಎರಡು ಸಲ ನಡೆದು ನೋಡಿದರು.

“ಬ್ರೇಕೇ ಇಲ್ಲ. ಇವನು ರಸ್ತೆ ನೋಡುತ್ತಿರಲಿಲ್ಲ,” ಅಂದರು.

“ಗಾಡಿಯಲ್ಲಿ ಮತ್ತೇನು ಕಂಡಿತು?” ಚಹಾದಂಗಡಿಯವನನ್ನು ರಾಮಧನಿ ಕೇಳಿದ.

“ಹಿಂದಿನ ಗಾಜಿನ ಮೇಲೆ ಭಸ್ಮದ ಮೂರು ಗೆರೆಯ ಸ್ಟಿಕ್ಕರ್ ಇತ್ತು ಸಾಹಬ್.”

“ವಾಹ್! ಕಾಶಿಯಲ್ಲಿ ಮೂರು ಗೆರೆ ಇಲ್ಲದ ಗಾಡಿ ಹುಡುಕು ಅಂದಿದ್ದರೆ ಬೇಗ ಸಿಗುತ್ತಿತ್ತು.”

ಪಂಚರು ನಕ್ಕರು. ಅಕ್ಷರಾ ನಗಲಿಲ್ಲ. ಮಠದ ಗಾಡಿಯ ಆ ಮೂರು ಗೆರೆಗಳನ್ನು ದೀಪಾವಳಿಯ ಹಿಂದಿನ ದಿನ ಅಂಟಿಸಿದವಳು ಅವಳೇ.

ಸೇತುವೆಯ ಕ್ಯಾಮೆರಾದಲ್ಲಿ 6:15ರಿಂದ 6:30ರೊಳಗೆ ಊರಿನ ಕಡೆ ದಾಟಿದ ಐದು ಬಿಳಿ ಬೊಲೆರೊ ಸಿಕ್ಕವು. ಎದುರು ಬಿಸಿಲಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮೂರನ್ನು ನೋಡಿ ಬಿಟ್ಟಾಗಿತ್ತು. ನಾಲ್ಕನೆಯದರ ನಂಬರನ್ನು ರಾಮಧನಿ ಓದಿದಾಗ ಅಕ್ಷರಾ ಎದ್ದು ನಿಂತಳು.

“ಸರ್, ಅದು ಬಿಲ್ವಗಿರಿ ಮಠದ್ದು. ಅಲ್ಲಿ ನಮ್ಮಪ್ಪ ಡ್ರೈವರ್.”

ಚೌಬೆ ತಲೆ ಎತ್ತಿದರು. “ನಾಲ್ಕನೇ ಗಾಡಿ ಇದು. ಐದನೆಯದೂ ಇದೆ. ಮಠದವರ ಭಾಷೆ ನಿನಗೆ ಬರುತ್ತದೆ. ಜೀಪು ಹತ್ತು.”

ಅಷ್ಟೇ ಹೇಳಿದ್ದಳು. ಕಾರ್ಡಿನ ಮಾತು ಬಿಟ್ಟಿದ್ದಳು. ಜೀಪು ಸೇತುವೆ ದಾಟುವವರೆಗೆ ಹೇಳಬಹುದಿತ್ತು. ಊರೊಳಗಿನ ಲಂಕಾ ಪೇಟೆ ದಾಟುವವರೆಗೂ ಹೇಳಬಹುದಿತ್ತು. ಹೇಳಲಿಲ್ಲ.

ಮಠದ ಗಲ್ಲಿಯಲ್ಲಿ ಸೈಕಲ್ ರಿಕ್ಷಾ ನುಗ್ಗಿದರೇ ಹೆಚ್ಚು. ಹಾಗಾಗಿ ಗಾಡಿಯನ್ನು ಸೋನಾರ್‌ಪುರದ ಒಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು. 5:10ಕ್ಕೆ ಪೊಲೀಸರು ಅಲ್ಲಿ ಸೇರಿದರು. ಎಡಗಡೆಯ ಹೆಡ್‌ಲೈಟು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು, ಬಲಗಡೆಯದು ಹಳದಿ ಹಿಡಿದಿತ್ತು. ಮಠದ ಕಾರಕೂನ ಶಿವಬಸಯ್ಯ ಓಡೋಡಿ ಬಂದ. ನಲವತ್ತರ ಮನುಷ್ಯ, ಏದುಸಿರು. ಅವನ ಹಿಂದೆ ಸಂಗಯ್ಯ ನಿಧಾನವಾಗಿ ನಡೆದುಬಂದ. ಮಗಳನ್ನು ನೋಡಿದ, ನೋಡದವನಂತೆ ಗಾಡಿಯ ಚಕ್ರ ನೋಡಿದ.

“ಲೈಟು ಯಾವಾಗ ಹಾಕಿಸಿದೆ?” ಚೌಬೆ ಕೇಳಿದರು.

“ಇವತ್ತೇ ಸಾಹಬ್. ಬೆಳಿಗ್ಗೆ ಹತ್ತು ಗಂಟೆಗೆ ನೋಡಿದರೆ ಒಡೆದಿತ್ತು.”

“ಮೊಗಲ್‌ಸರಾಯ್‌ನಿಂದ ಯಾವ ದಾರಿಯಲ್ಲಿ ಬಂದೆ?”

“ರಾಜಘಾಟ್ ಸೇತುವೆ ಮೇಲಿಂದ. ಐದೂ ಮುಕ್ಕಾಲಿಗೆ ಇಲ್ಲಿ ನಿಲ್ಲಿಸಿ, ಕೀಲಿಕೈ ಆಫೀಸಿನ ಮೊಳೆಗೆ ಹಾಕಿದೆ.”

“ಆಮೇಲೆ ಗಾಡಿ ತಾನಾಗಿ ರಾಮನಗರಕ್ಕೆ ಹೋಗಿ ಬಂತೋ?”

ಚೌಬೆ ಗಾಡಿಯ ಬಾಗಿಲು ತೆಗೆದು ಕ್ಯಾಮೆರಾ ನೋಡಿದರು. ಒಂದು ಕಣ್ಣು ರಸ್ತೆಗೆ, ಇನ್ನೊಂದು ಕಣ್ಣು ಡ್ರೈವರ್ ಕಡೆಗೆ. ಕಾರ್ಡನ್ನು ತೆಗೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಜಪ್ತಿ ಪಂಚನಾಮೆ ಬರೆಸಿದರು. ಕಾಗದದ ಕೆಳಗೆ ಸಂಗಯ್ಯ ಸಹಿ ಹಾಕುವಾಗ ಅಕ್ಷರಾ ಅವನ ಕೈ ನೋಡಿದಳು. ಅದು ಅಲುಗಲಿಲ್ಲ.

ಸಂಜೆ ಏಳೂವರೆಗೆ ಸೈಬರ್ ಸೆಲ್‌ನ ಎಸ್‌ಐ ಶ್ರೀಜಾ ಠಾಣೆಗೆ ಬಂದಳು. ಪಂಚರ ಎದುರು ಲಕೋಟೆ ಒಡೆದು, ಕಾರ್ಡಿನ ನಕಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಅಕ್ಷರಾ ಚಹಾದ ಲೋಟಗಳನ್ನು ಹಿಡಿದು ಗೋಡೆಯ ಪಕ್ಕ ನಿಂತಿದ್ದಳು.

“ಇದನ್ನು ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ ಸರ್. ಕ್ಯಾಮೆರಾದಲ್ಲಲ್ಲ, ಫೋನಿನಲ್ಲಿ.”

“ಅದು ಹೇಗೆ ಗೊತ್ತು?”

“ಕ್ಯಾಮೆರಾ ಅಳಿಸಿದರೆ ವಿಡಿಯೊದ ಒಂದು ಫೋಲ್ಡರ್ ಮಾಡಿಕೊಂಡು ಸುಮ್ಮನಿರುತ್ತದೆ. ಇಲ್ಲಿ ನೋಡಿ: ಹಾಡು, ರಿಂಗ್‌ಟೋನ್, ಅಲಾರಂ. ಎಲ್ಲ ಖಾಲಿ. ಗಾಡಿಯ ಕ್ಯಾಮೆರಾಕ್ಕೆ ರಿಂಗ್‌ಟೋನ್ ಯಾಕೆ ಬೇಕು? ಫೋನಿಗೆ ಕಾರ್ಡ್ ಹಾಕಿ ಅಳಿಸಿದರೆ ಫೋನು ಈ ಡಬ್ಬಿಗಳನ್ನೆಲ್ಲ ತಾನೇ ಜೋಡಿಸಿಡುತ್ತದೆ. ಸಮಯವೂ ಇದೆ. ಇವತ್ತು ಬೆಳಿಗ್ಗೆ 7:04.”

ಒಂದು ಲೋಟ ತಟ್ಟೆಯಲ್ಲಿ ಜಾರಿ ಚಹಾ ಚೆಲ್ಲಿತು. “ನೋಡಿಕೊಂಡು ಬಿಟಿಯಾ,” ಅಂದ ರಾಮಧನಿ. ಅಕ್ಷರಾಳ ಖಾಕಿ ಪ್ಯಾಂಟಿನ ಜೇಬಿನಲ್ಲಿ ಫೋನು ಇತ್ತು. ಅದು ತೊಡೆಗೆ ಬಿಸಿ ತಾಗಿಸುತ್ತಿದೆ ಅನ್ನಿಸಿತು.

“ಯಾವ ಫೋನು ಅಂತ ಈ ಕಾರ್ಡ್ ಹೇಳುತ್ತದೆಯೇ?” ಚೌಬೆ ಕೇಳಿದರು.

“ಕಾರ್ಡ್ ಹೇಳುವುದಿಲ್ಲ. ಆದರೆ ಆ ಫೋನು ಸಿಕ್ಕರೆ ಅದು ಹೇಳುತ್ತದೆ. ತಾನು ಮುಟ್ಟಿದ ಕಾರ್ಡಿನ ನಂಬರನ್ನು ಅದು ನೆನಪಿಟ್ಟುಕೊಂಡಿರುತ್ತದೆ.”

“ಅಳಿಸಿದ ವಿಡಿಯೊ?”

“ಪುಸ್ತಕದ ಪರಿವಿಡಿ ಹರಿದಿದ್ದಾರೆ, ಪುಟಗಳು ಇರಬಹುದು. ಆದರೆ ಆಮೇಲೂ ಕ್ಯಾಮೆರಾ ಓಡಿದೆ, ಅದರ ಮೇಲೆಯೇ ಬರೆದಿದೆ. ಬಂದರೆ ಬಂತು. ಎರಡು ದಿನ ಕೊಡಿ.”

ರಾಮಧನಿ ಬೆರಳು ಮಡಚಿ ಲೆಕ್ಕ ಹಾಕಿದ. ಸಂಗಯ್ಯನ ಹತ್ತಿರ ಇರುವುದು ಬಟನ್ ಫೋನು, ಅದಕ್ಕೆ ಇಂಥ ವಿದ್ಯೆ ಬಾರದು. ಗಾಡಿಯ ಇನ್ನೊಂದು ಕೀಲಿಕೈ ಕಾರಕೂನನ ಹತ್ತಿರ. ಸ್ಮಾರ್ಟ್‌ಫೋನು ಅವನ ಹತ್ತಿರ. ಗಾಡಿ ಓಡಿಸಲೂ ಬರುತ್ತದೆ. ಚೌಬೆ ತಲೆಯಾಡಿಸಿ, ಶಿವಬಸಯ್ಯನಿಗೆ ನಾಳೆ ಬರಲು ನೋಟಿಸ್ ಬರೆಯಲು ಹೇಳಿದರು. ರಾಜಘಾಟ್ ಸೇತುವೆಯ ಫುಟೇಜಿಗೂ ಪತ್ರ ಹೋಯಿತು. ಬರಲು ನಾಲ್ಕು ದಿನ.

ಅಕ್ಷರಾ ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಅಪ್ಪನ ತಟ್ಟೆ ಮುಚ್ಚಿಟ್ಟಿತ್ತು.

“ಮುಂಜಾನಿಂದ ಒಂದು ತುತ್ತು ಮುಟ್ಟಿಲ್ಲ ನೋಡವ್ವ ನಿಮ್ಮಪ್ಪ. ಹೊಟ್ಟಿ ಸರಿ ಇಲ್ಲಂತ.”

“ಅಪ್ಪಾ, ಮುಂಜಾನೆ ಯಾವ ಸೇತುವಿ ಮ್ಯಾಲಿಂದ ಬಂದಿ?” ಅಕ್ಷರಾ ಕೇಳಿದಳು.

“ಹೇಳೀನಲ್ಲ ನಿಮ್ಮ ಸಾಹೇಬಗ.”

“ನನಗ ಹೇಳು.”

ಸಂಗಯ್ಯ ಎದ್ದು ಹೊರಗೆ ಹೋದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು, ಮತ್ತೆ ತಟ್ಟತೊಡಗಿದಳು.

ಮರುದಿನ ಬೆಳಿಗ್ಗೆ ಆಟೊ ಸೇತುವೆಯ ನಡುವೆ ಜಾಮಿನಲ್ಲಿ ನಿಂತಿತು. ಅಕ್ಷರಾ ಅಂಚಿನಲ್ಲಿ ಕೂತಿದ್ದಳು. ಕೈ ಚಾಚಿದರೆ ಕಟಕಟೆ, ಅದರಾಚೆ ನೀರು. ಫೋನು ಕೈಯಲ್ಲಿತ್ತು. ಎಸೆದರೆ ಮುಗಿಯಿತು, ಗಂಗೆಯ ತಳದಿಂದ ಯಾವ ಫೋನೂ ಸಾಕ್ಷಿ ಹೇಳುವುದಿಲ್ಲ. ಅವಳು ಬೆರಳು ಸಡಿಲಿಸಿದಳು. ಪಕ್ಕದ ಹೆಂಗಸು, “ಬಿದ್ದೀತು, ಒಳಗಿಟ್ಟುಕೋ,” ಅಂದಳು. ಅಕ್ಷರಾ ಬೆಚ್ಚಿ ಅದನ್ನು ಎದೆಗೆ ಅವುಚಿಕೊಂಡಳು. ಆಟೊ ಹೊರಟಿತು.

ನವೆಂಬರ್ 19, ಬೆಳಿಗ್ಗೆ 10:40. ಆಸ್ಪತ್ರೆಯಿಂದ ಫೋನ್ ಬಂತು. ಲಲ್ಲನ್ ಮೌರ್ಯ ತೀರಿಕೊಂಡಿದ್ದ. ಚೌಬೆ ಫೈಲು ತರಿಸಿ ಕಲಂ ಬದಲಿಸಿದರು: ನಿರ್ಲಕ್ಷ್ಯದಿಂದ ಸಾವು, ಅದರ ಜೊತೆ ಸಾಕ್ಷ್ಯನಾಶ. “ನಿನ್ನೆ ಕೈಕಾಲಿನ ಕೇಸು, ಇವತ್ತು ಹೆಣದ ಕೇಸು,” ಅಂದರು, ಯಾರಿಗೂ ಅಲ್ಲ.

ಹನ್ನೊಂದೂವರೆಗೆ ಶಿವಬಸಯ್ಯನನ್ನು ಕೂರಿಸಿದರು. ಅಕ್ಷರಾ ಬಾಗಿಲ ಬಳಿ ಕಾವಲಿಗಿದ್ದಳು.

“ನಿನ್ನೆ ಆರರಿಂದ ಏಳರ ತನಕ ಎಲ್ಲಿದ್ದೆ?” ಚೌಬೆ ಕೇಳಿದರು.

“ಪೂಜೆಯಲ್ಲಿ ಸಾಹಬ್. ನನ್ನ ಕೋಣೆಯಲ್ಲಿ.”

“ನೋಡಿದವರು ಯಾರು?”

“ಬಾಗಿಲು ಹಾಕಿಕೊಂಡು ಒಬ್ಬನೇ ಕೂರುವುದು. ಯಾರು ನೋಡುತ್ತಾರೆ?”

“ಶಿವ ನೋಡಿದನೇನು?” ರಾಮಧನಿ ಮೇಜು ಕುಟ್ಟಿದ. “ಕರೆಸೋಣವೇ ಸಾಕ್ಷಿಗೆ? ಸಮನ್ಸ್ ಎಲ್ಲಿಗೆ ಕಳಿಸಲಿ, ಕೈಲಾಸಕ್ಕೋ, ವಿಶ್ವನಾಥ ಗಲ್ಲಿಗೋ?”

“ಫೋನು ಕೊಟ್ಟಿದ್ದೇನಲ್ಲ ಸಾಹಬ್, ನೋಡಿ.”

“ಲ್ಯಾಬಿಗೆ ಹೋಗಿದೆ. ವರದಿ ಬರಲಿ. ಅಲ್ಲಿಯವರೆಗೆ ಒಳಗಿರು,” ಅಂದರು ಚೌಬೆ.

ಶಿವಬಸಯ್ಯ ಬಾಗಿಲ ಕಡೆ ತಿರುಗಿ ಕನ್ನಡದಲ್ಲಿ ಅಂದ: “ಅಕ್ಷರಾ, ನೀನರೆ ಹೇಳವ್ವ ಇವರಿಗೆ. ನನಗ ಎರಡು ಹೆಣ್ಣುಮಕ್ಕಳು. ಪೂಜಿಗಿ ಕೂತಾಂವ ಎದ್ದು ಹೋಗಿ ಮಂದೀನ ಕೊಂದು ಬರ್ತಾನೇನು?”

“ಏನನ್ನುತ್ತಾನೆ?” ಚೌಬೆ ಕೇಳಿದರು.

ಅವಳು ಅನುವಾದಿಸಿದಳು. ಹೆಣ್ಣುಮಕ್ಕಳ ಮಾತನ್ನೂ ಬಿಡಲಿಲ್ಲ. ಚೌಬೆ ಪೆನ್ನಿನ ಟೋಪಿ ಹಾಕಿ, “ಅರೆಸ್ಟ್ ಮೆಮೊ ತಯಾರು ಮಾಡು,” ಎಂದು ರಾಮಧನಿಗೆ ಹೇಳಿ ತಮ್ಮ ಕೋಣೆಗೆ ಹೋದರು.

ಅಕ್ಷರಾ ಅವರ ಹಿಂದೆಯೇ ಹೋದಳು. ಫೋನನ್ನು ತೆಗೆದು ಮೇಜಿನ ಮೇಲೆ, ಗಾಜಿನಡಿ ಇಟ್ಟ ದೇವರ ಪಟದ ಮೇಲೆ ಇಟ್ಟಳು.

“ಸರ್, ಆ ಕಾರ್ಡ್ ಅಳಿಸಿದ್ದು ಈ ಫೋನು.”

ಚೌಬೆ ಫೋನು ಮುಟ್ಟಲಿಲ್ಲ. “ಯಾರದು?”

“ನನ್ನದು.”

“ಅಳಿಸಿದ್ದು ಯಾರು?”

“ನಾನು. ಏನಿದೆ ಅಂತ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ನಾನೇ ಮಾಡಿಕೊಡುತ್ತೇನೆ.”

“ಕೊಟ್ಟದ್ದು?”

“ನಮ್ಮಪ್ಪ.” ಅವಳು ಫೋನನ್ನು ಅವರ ಕಡೆ ಸರಿಸಿದಳು. “ಶಿವಬಸಯ್ಯನವರದು ಏನೂ ಇಲ್ಲ ಸರ್.”

“ನಿನಗೆ ಯಾವಾಗ ಗೊತ್ತಾಯಿತು?”

“ಫೂಲ್‌ಮತಿ ಬಿಳಿ ಬೊಲೆರೊ ಅಂದಾಗ ಅನುಮಾನ ಬಂತು. ಶ್ರೀಜಾ ಮೇಡಂ 7:04 ಅಂದಾಗ ಖಾತ್ರಿಯಾಯಿತು.”

ಚೌಬೆ ಗೋಡೆಯ ಗಡಿಯಾರ ನೋಡಿದರು. 12:04. “ಅಂದರೆ ನಿನ್ನೆ ಸಂಜೆಯಿಂದ ಗೊತ್ತು. ನನ್ನ ಮುಂದೆ ಚಹಾ ಹಿಡಿದು ನಿಂತಿದ್ದೆ.”

“ಹೌದು ಸರ್.”

“ಅದನ್ನೂ ಬರೆಯುತ್ತೇನೆ.”

“ಬರೆಯಿರಿ ಸರ್.”

ಅವರು ಅವಳ ಹೇಳಿಕೆಯನ್ನು ತಾವೇ ಬರೆದುಕೊಂಡರು. ಫೋನಿಗೆ ಬೇರೆ ಪಂಚನಾಮೆ ಆಯಿತು. ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಬಿತ್ತು. “ಬೆಲ್ಟ್, ಟೋಪಿ ಇಟ್ಟು ಹೋಗು. ಕರೆದಾಗ ಸಾಕ್ಷಿಯಾಗಿ ಬಾ,” ಅಂದರು. ಶಿವಬಸಯ್ಯನನ್ನು ಬಿಟ್ಟರು. ಅವನು ಹೋಗುವಾಗ ಅಕ್ಷರಾಳ ಕಡೆ ನೋಡಲಿಲ್ಲ. ಏನಾಯಿತೆಂದು ರಾಮಧನಿಯಿಂದ ಅವನಿಗೆ ಆಗಲೇ ತಿಳಿದಿತ್ತು.

ಮೂರು ಗಂಟೆಗೆ ಚೌಬೆ, ರಾಮಧನಿ ಜಂಗಮವಾಡಿಯ ಮನೆಗೆ ಹೋದರು. ಸಂಗಯ್ಯ ಹೊಸ್ತಿಲ ಮೇಲೆ ಕೂತಿದ್ದ.

“ಗಾಡಿ ಓಡಿಸಿದ್ದು ನೀನೇ?”

“ನಾನೇ ಸಾಹಬ್.”

“ಕಾರ್ಡ್ ಯಾಕೆ ಅಳಿಸಿದೆ?”

ಅದಕ್ಕೆ ಅವನು ಬಾಯಿ ತೆಗೆಯಲಿಲ್ಲ. ಎಷ್ಟು ಕೇಳಿದರೂ ತೆಗೆಯಲಿಲ್ಲ. ಮರುದಿನ ಹತ್ತಕ್ಕೆ ಠಾಣೆಗೆ ಹಾಜರಾಗಬೇಕೆಂದು ನೋಟಿಸ್ ಕೊಟ್ಟು, ಗಲ್ಲಿಯ ಬಾಯಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಿ ಅವರು ಹೋದರು.

ಆ ಸಂಜೆ ಮೂವರೂ ಆ ಎರಡು ಕೋಣೆಗಳಲ್ಲಿ ಉಳಿದರು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾನು ಹೆಸರು ಹೇಳಿದ ಮನುಷ್ಯನ ಜೊತೆ ಒಂದೇ ದೀಪದ ಕೆಳಗೆ ಕೂರಲು ಅಕ್ಷರಾಳಿಗೆ ಹೆದರಿಕೆಯಾಗುತ್ತಿತ್ತು. ಬೈದಿದ್ದರೆ, ಹೊಡೆದಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ.

“ಶಿವಬಸಯ್ಯನ್ನ ಬಿಟ್ರೇನು?” ಸಂಗಯ್ಯ ಕೇಳಿದ.

“ಬಿಟ್ರು.”

“ಚಲೋ ಆತು. ನನಗ ಬಾಯಿ ಬರಲಿಲ್ಲ.”

“ಅಪ್ಪಾ, ನನ್ನ ಕೈಲೇ ಯಾಕ ಅಳಿಸಿದಿ? ನಾನು ಠಾಣೇದಾಗ ಇರತೀನಿ ಅಂತ ನೆನಪಾಗಲಿಲ್ಲೇನು?”

“ಪೊಲೀಸರ ಕೈಯಾಗ ಕೊಟ್ಟೆ ಅಂತ ಅನಸಲಿಲ್ಲ. ಮಗಳ ಕೈಯಾಗ ಕೊಟ್ಟೆ.”

“ನಿಲ್ಲಿಸಬೇಕಿತ್ತಲ್ಲ ನೀನು. ನಿಲ್ಲಿಸಿದ್ರ ಆ ಮನುಷ್ಯ ಉಳೀತಿದ್ದನೋ ಏನೋ.”

“ಹೂಂ,” ಅಂದ ಸಂಗಯ್ಯ. ಆ ದಿನವೂ ಅವನ ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು.

ನವೆಂಬರ್ 20, ಗುರುವಾರ. ಸಂಗಯ್ಯ ಹತ್ತಕ್ಕೆ ಐದು ನಿಮಿಷ ಮೊದಲೇ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಅಕ್ಷರಾಳನ್ನೂ ಕರೆಸಿದ್ದರು. ಸಲ್ವಾರಿನಲ್ಲಿ ಬಂದ ಅವಳನ್ನು ಕಂಡು ರಾಮಧನಿ ಏನೋ ಹೇಳಹೊರಟು ಸುಮ್ಮನಾದ. ಅವಳು ಸಾವಿರ ಸಲ ಬೇರೆಯವರಿಗೆ ತೋರಿಸಿದ್ದ ಕುರ್ಚಿಯನ್ನು ಈ ಸಲ ಅವನು ಅವಳಿಗೆ ತೋರಿಸಿದ.

ಶ್ರೀಜಾಗೆ ಮೂರು ನಿಮಿಷದ ಒಂದು ತುಣುಕು ಸಿಕ್ಕಿತ್ತು. ಡ್ರೈವರ್ ಕಡೆಗಿನ ಕಣ್ಣಿನದು. ಅದರಲ್ಲಿರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಗುರುತಿಸಲು ಪಂಚರ ಎದುರು ಅಕ್ಷರಾಳಿಗೆ ತೋರಿಸಿದರು.

ಅಪ್ಪ ಗಾಡಿ ಓಡಿಸುತ್ತಿದ್ದ. ಕಿಟಕಿಯಲ್ಲಿ ಬೆಳಗಿನ ಕೆಂಪು ಬೆಳಕು. ಬಾಯಲ್ಲಿ ಏನೋ ಗುನುಗು. ಕೈಯಲ್ಲಿ ಫೋನಿರಲಿಲ್ಲ, ಕಣ್ಣಲ್ಲಿ ನಿದ್ದೆಯಿರಲಿಲ್ಲ. ಒಮ್ಮೆಲೇ ಅವನು ಕುತ್ತಿಗೆಗೆ ಕೈ ಹಾಕಿದ. ಕೊರಳ ಶಿವದಾರ ಹರಿದಿತ್ತು. ಲಿಂಗವಿಡುವ ಬೆಳ್ಳಿಯ ಕರಡಿಗೆ ಎದೆಯಿಂದ ಜಾರಿ ತೊಡೆಗೆ, ತೊಡೆಯಿಂದ ಕೆಳಕ್ಕೆ ಉರುಳಿತು. ಅಪ್ಪ ಎರಡೂ ಕೈ ಬಿಟ್ಟು ಅದರ ಹಿಂದೆ ಬಗ್ಗಿದ. ಚಿತ್ರದಲ್ಲಿ ಅವನ ಬೆನ್ನು ಮಾತ್ರ ಉಳಿಯಿತು. ಒಂದು, ಎರಡು, ಮೂರು, ನಾಲ್ಕು. ಗಾಡಿ ಕುಲುಕಿತು. ದೊಡ್ಡ ಸದ್ದಾಯಿತು. ಅಪ್ಪ ಮೇಲೆದ್ದಾಗ ಕರಡಿಗೆ ಅವನ ಮುಷ್ಟಿಯಲ್ಲಿತ್ತು. ಅದರ ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಅವನು ಕನ್ನಡಿ ನೋಡಿದ. ಮತ್ತೆ ಕಾಲಡಿ ನೋಡಿದ. ಗಾಡಿ ಓಡುತ್ತಲೇ ಇತ್ತು.

ಅಕ್ಷರಾ ಬಾಯಿಗೆ ಕೈ ಅಡ್ಡ ಇಟ್ಟಳು. ಎರಡು ದಿನದ ಮುಚ್ಚಿದ ತಟ್ಟೆ ಆಗ ಅವಳಿಗೆ ಅರ್ಥವಾಯಿತು. ನೆಲಕ್ಕೆ ಬಿದ್ದ ಲಿಂಗಕ್ಕೆ ಪೂಜೆ ಸಲ್ಲದು, ಲಿಂಗಪೂಜೆಯಾಗದೆ ಅಪ್ಪ ತುತ್ತು ಎತ್ತುವವನಲ್ಲ.

“ಏನದು ಬಿದ್ದದ್ದು?” ಚೌಬೆ ಕೇಳಿದರು.

“ಇಷ್ಟಲಿಂಗ ಸರ್. ಎಳವೆಯಲ್ಲಿ ಗುರು ಕಟ್ಟುತ್ತಾರೆ. ಸಾಯುವ ತನಕ ಮೈಮೇಲಿರಬೇಕು. ನೆಲಕ್ಕೆ ತಾಗಬಾರದು.” ಅವಳು ನಿಲ್ಲಿಸಿದಳು. “ನಮ್ಮಪ್ಪ ಜಂಗಮರು. ಬೇರೆಯವರಿಗೆ ಅದರ ನೇಮ ಹೇಳಿಕೊಡುವವರು.”

ಚೌಬೆ ಬೆಂಚಿನ ಮೇಲಿದ್ದವನನ್ನು ಒಳಗೆ ಕರೆಸಿ ಎದುರಿಗೆ ಕೂರಿಸಿದರು.

“ಯಾಕೆ ನಿಲ್ಲಿಸಲಿಲ್ಲ?”

“ಕನ್ನಡಿಯಲ್ಲಿ ಇಬ್ಬರು ಓಡಿಬರುವುದು ಕಂಡಿತು. ಅವನನ್ನು ಅವರು ಎತ್ತುತ್ತಾರೆ ಅಂದುಕೊಂಡೆ. ನನ್ನದು ಚಪ್ಪಲಿಯ ಪಕ್ಕ, ಮಣ್ಣಿನಲ್ಲಿ ಬಿದ್ದಿತ್ತು ಸಾಹಬ್. ಊರೊಳಗೆ ಅಸ್ಸಿ ದಾಟಿದ ಮೇಲೆ ನಿಲ್ಲಿಸಿ ಎತ್ತಿಕೊಂಡೆ.”

“ಕಾರ್ಡ್ ಅಳಿಸಿದ್ದು ಜೈಲಿನ ಭಯಕ್ಕೇ?”

“ಜೈಲು ಆಗ ತಲೆಯಲ್ಲೇ ಇರಲಿಲ್ಲ. ಏನಾದರೂ ದೂರು ಬಂದರೆ ಮಠದ ಆಫೀಸಿನಲ್ಲಿ ಆ ಕಾರ್ಡ್ ಹಾಕುತ್ತಾರೆ. ಸ್ವಾಮಿಗಳು ನೋಡುತ್ತಾರೆ, ಅಡುಗೆಯವರೂ ಬಂದು ನಿಂತು ನೋಡುತ್ತಾರೆ. ಅದು ಬಿದ್ದದ್ದನ್ನು ಯಾರೂ ನೋಡಬಾರದು ಅನ್ನಿಸಿತು. ಅಷ್ಟೇ. ಮನುಷ್ಯ ಸತ್ತದ್ದು ಆಮೇಲೆ ಗೊತ್ತಾಯಿತು.”

ಹೊರಗಿನ ಬೆಂಚಿನ ಮೇಲೆ ಫೂಲ್‌ಮತಿ ಪೋಸ್ಟ್‌ಮಾರ್ಟಂ ಕಾಗದಕ್ಕಾಗಿ ಕಾಯುತ್ತಿದ್ದಳು. ಅವಳ ಬಳೆಗಳಿಲ್ಲದ ಕೈ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು.

ಬಂಧನದ ಸಮಯ 11:50 ಎಂದು ನಮೂದಾಯಿತು. ಅರೆಸ್ಟ್ ಮೆಮೊದಲ್ಲಿ ಆರೋಪಿಯ ಕುಟುಂಬದವರೊಬ್ಬರ ಸಹಿ ಬೇಕು. ರಾಮಧನಿ ಕಾಗದವನ್ನು ಅಕ್ಷರಾಳ ಮುಂದೆ ಸರಿಸಿ, ಬೆರಳಿನಿಂದ ಜಾಗ ತೋರಿಸಿದ. “ಇಲ್ಲಿ, ಬಿಟಿಯಾ.” ಮದ್ರಾಸಿ ಎನ್ನಲಿಲ್ಲ. ಅವಳು ಸಹಿ ಹಾಕಿದಳು.

ಚೌಬೆ ವಿಡಿಯೊದ ಪಂಚನಾಮೆ ಹೇಳಿ ಬರೆಸತೊಡಗಿದರು. “ಸಮಯ 6:21. ಚಾಲಕನ ಕೊರಳಿನ ದಾರ ತುಂಡಾಗುತ್ತದೆ. ಧಾರ್ಮಿಕ ವಸ್ತುವೊಂದು ಕೆಳಗೆ ಬೀಳುತ್ತದೆ...” ನಡುವೆ ನಿಲ್ಲಿಸಿ ಸಂಗಯ್ಯನ ಕಡೆ ತಿರುಗಿದರು. “ಇದು ನಿನಗೇ ಒಳ್ಳೆಯದು. ಕುಡಿದಿರಲಿಲ್ಲ, ಫೋನ್ ನೋಡುತ್ತಿರಲಿಲ್ಲ ಅಂತ ಕೋರ್ಟಿಗೆ ಕಾಣುತ್ತದೆ. ಶಿಕ್ಷೆ ಕಡಿಮೆಯಾದೀತು.”

ಸಂಗಯ್ಯನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಮೂವತ್ತು ವರ್ಷ ಅದರಲ್ಲೇ ಗಾಡಿ ಓಡಿಸಿದವನು. ಆದರೂ ಅವನು ಮಗಳ ಕಡೆ ನೋಡಿ ಕನ್ನಡದಲ್ಲೇ ಮಾತಾಡಿದ.

“ನಾನು ಮಂದೀನ ನೋಡದ ಹೊಡದೆ ಅಂತ ಬರೀರಿ. ಕುಡದಿದ್ದ ಅಂತ ಬೇಕಾದ್ರ ಬರೀರಿ. ಅದು ನೆಲಕ್ಕ ಬಿತ್ತು ಅಂತ ಒಂದು ಬರೀಬ್ಯಾಡ್ರಿ.”

ರಾಮಧನಿಯ ಪೆನ್ನು ನಿಂತಿತು. ಚೌಬೆ ಅಕ್ಷರಾಳ ಮುಖ ನೋಡಿದರು. ಅವಳು ಮೇಜಿನ ಮೇಲಿನ ಕಾಗದ ನೋಡುತ್ತಿದ್ದಳು.

“ಅಕ್ಷರಾ,” ಅಂದ ಸಂಗಯ್ಯ. “ಹೇಳವ್ವ ಅವರಿಗೆ. ಅದೊಂದು ಬರೀಬ್ಯಾಡ್ರಿ ಅಂತ ಹೇಳು.”